ಹಾಡು ಎಲ್ಲರ ಕೈಯಲ್ಲಿ, ಹಾಡಿದವರ ಹೆಸರು ಎಲ್ಲಿ?

ಗ್ರಾಮಫೋನ್ ತಟ್ಟೆಯಿಂದ ಮೊಬೈಲ್ ತೆರೆಯವರೆಗೆ: ಹುಬ್ಬಳ್ಳಿ-ಧಾರವಾಡದ ಸಂಗೀತ ಕಂಡ ಬದಲಾವಣೆಗಳು

ಡಾ. ಗಂಗೂಬಾಯಿ ಹಾನಗಲ್ ಅವರ ಗಾಯನ ಕೇಳಬೇಕೆನ್ನುವವರಿಗೆ ಒಂದು ಕಾಲಕ್ಕೆ ಮೂರೇ ದಾರಿಗಳಿದ್ದವು. ಕಛೇರಿಗೆ ಹೋಗಬೇಕು, ಆಕಾಶವಾಣಿಯ ಪ್ರಸಾರದ ಹೊತ್ತಿಗೆ ಕಾದು ಕೂರಬೇಕು, ಇಲ್ಲವೇ ಹಣ ಕೊಟ್ಟು ಧ್ವನಿಮುದ್ರಿಕೆ ಕೊಳ್ಳಬೇಕು. ಇಂದು ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೊರಟ ಬಸ್ಸಿನಲ್ಲಿ ಕುಳಿತವರು ಊರು ತಲುಪುವುದರೊಳಗೆ ಅವರ ಒಂದು ಇಡೀ ರಾಗವನ್ನು ಮೊಬೈಲ್‌ನಲ್ಲಿ ಕೇಳಿ ಮುಗಿಸಬಹುದು. ಅದಕ್ಕಾಗಿ ಪ್ರತ್ಯೇಕವಾಗಿ ಒಂದು ಪೈಸೆಯನ್ನೂ ಕೊಡಬೇಕಾಗಿಲ್ಲ.

ಕೇಳುಗರ ಪಾಲಿಗೆ ಇದು ಸುವರ್ಣಕಾಲವೇ ಸರಿ. ಆದರೆ ಹಾಡುವವರ ಪಾಲಿಗೆ ಲೆಕ್ಕ ಬೇರೆಯಾಗಿದೆ. ಮೊದಲು ತಟ್ಟೆ, ಧ್ವನಿಸುರುಳಿ, ಸಿ.ಡಿ. ಎಂಬ ವಸ್ತುಗಳು ಮಾರಾಟವಾಗುತ್ತಿದ್ದವು. ಅವುಗಳ ಮೇಲೆ ಕಲಾವಿದರ ಹೆಸರು ಅಚ್ಚಾಗಿರುತ್ತಿತ್ತು. ಈಗ ವಸ್ತುವಿನ ಬದಲು ಎಷ್ಟು ಸಲ ಕೇಳಲಾಯಿತು ಎಂಬ ಎಣಿಕೆಗೆ ಬೆಲೆ ಬಂದಿದೆ. ಆ ಎಣಿಕೆಯ ಫಲ ಕಲಾವಿದರಿಗೆ ಮುಟ್ಟುವುದು ಹಾಡಿನ ಕಡತದೊಂದಿಗೆ ಅವರ ಹೆಸರು ಸರಿಯಾಗಿ ದಾಖಲಾಗಿದ್ದರೆ ಮಾತ್ರ. ಹಿಂದುಸ್ತಾನಿ ಗಾಯಕರ ತವರೆಂದೂ ಜಾನಪದ ಹಾಡುಗಾರರ ನಾಡೆಂದೂ ಹೆಸರಾದ ಈ ಸೀಮೆಗೆ ಇದು ಬಹಳ ಮಹತ್ವದ ಸಂಗತಿಯಾಗಿದೆ.

ಮೂರು ನಿಮಿಷದ ತಟ್ಟೆ

ಭಾರತೀಯ ಸಂಗೀತದ ವಾಣಿಜ್ಯ ಧ್ವನಿಮುದ್ರಣ 1902ರ ನವೆಂಬರ್‌ನಲ್ಲಿ ಕಲ್ಕತ್ತೆಯಲ್ಲಿ ಆರಂಭವಾಯಿತು. ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಅಂದು ಗೌಹರ್ ಜಾನ್ ಅವರ ಗಾಯನವನ್ನು ಮುದ್ರಿಸಿಕೊಂಡರು. ತಟ್ಟೆಯ ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷ ಮಾತ್ರ ಹಿಡಿಯುತ್ತಿತ್ತು. ಗಂಟೆಗಟ್ಟಲೆ ಹಾಡುತ್ತಿದ್ದ ಗವಾಯಿಗಳು ರಾಗದ ಸಾರವನ್ನು ಅಷ್ಟರಲ್ಲೇ ಹಿಂಡಿ ಕೊಡಬೇಕಾಯಿತು. ಹಾಡಿನ ಅಳತೆಯನ್ನು ಯಂತ್ರ ನಿರ್ಧರಿಸಿದ ಮೊದಲ ಸಂದರ್ಭ ಅದು.

ಆ ಕಾಲದ ಗಾಯಕ-ಗಾಯಕಿಯರು ಹಾಡಿನ ಕೊನೆಗೆ ತಮ್ಮ ಹೆಸರನ್ನು ತಾವೇ ಗಟ್ಟಿಯಾಗಿ ಹೇಳುತ್ತಿದ್ದರು. ಮುದ್ರಿತ ಮೂಲಪ್ರತಿಗಳು ಜರ್ಮನಿಯ ಹ್ಯಾನೋವರ್‌ಗೆ ಹೋಗಿ ಅಲ್ಲಿ ತಟ್ಟೆಗಳಾಗಿ ಬರುತ್ತಿದ್ದವು. ಭಾಷೆ ತಿಳಿಯದ ಅಲ್ಲಿನ ಕೆಲಸಗಾರರಿಗೆ ಯಾರ ಹಾಡು ಯಾವುದೆಂದು ಗೊತ್ತಾಗಲೆಂದು ಈ ಏರ್ಪಾಡು.

1930ರ ದಶಕದ ಆರಂಭದಲ್ಲಿ ಗಂಗೂಬಾಯಿಯವರ ಮೊದಲ ತಟ್ಟೆಗಳು ಎಚ್.ಎಂ.ವಿ.ಯಿಂದ ಹೊರಬಂದದ್ದು ‘ಗಾಂಧಾರಿ’ ಎಂಬ ಹೆಸರಿನಲ್ಲಿ. ಅದೇ ದಶಕದಲ್ಲಿ ಧಾರವಾಡದ ಸಮೀಪದ ಮನಸೂರಿನ ಮಲ್ಲಿಕಾರ್ಜುನ ಮನಸೂರ ಅವರ ತಟ್ಟೆಗಳೂ ಅದೇ ಕಂಪನಿಯಿಂದ ಬಂದವು. ತಟ್ಟೆಯ ಪ್ರಭಾವ ಎಷ್ಟಿತ್ತೆಂಬುದಕ್ಕೆ ಭೀಮಸೇನ ಜೋಶಿಯವರ ಬಾಲ್ಯವೇ ಸಾಕ್ಷಿ. ಅಬ್ದುಲ್ ಕರೀಂ ಖಾನರ ಧ್ವನಿಮುದ್ರಿಕೆಯೊಂದನ್ನು ಕೇಳಿ ಹುಚ್ಚು ಹಿಡಿದ ಹುಡುಗ, 1933ರಲ್ಲಿ ಹನ್ನೊಂದನೆಯ ವಯಸ್ಸಿನಲ್ಲಿ ಗುರುವನ್ನು ಅರಸಿ ಮನೆ ಬಿಟ್ಟರು. ಕೊನೆಗೆ ಗುರು ಸಿಕ್ಕಿದ್ದು ಹುಬ್ಬಳ್ಳಿಯ ಪಕ್ಕದ ಕುಂದಗೋಳದಲ್ಲಿ, ಸವಾಯಿ ಗಂಧರ್ವರ ಮನೆಯಲ್ಲಿ.

ಆಕಾಶವಾಣಿಯಿಂದ ಧ್ವನಿಸುರುಳಿಗೆ

1950ರ ಜನವರಿ 8ರಂದು ಧಾರವಾಡ ಆಕಾಶವಾಣಿ ಕೇಂದ್ರ ಆರಂಭವಾಯಿತು. ಮನಸೂರರು ಈ ಕೇಂದ್ರದ ಸಂಗೀತ ಸಲಹೆಗಾರರಾಗಿ ಸೇವೆ ಸಲ್ಲಿಸಿದರು. ಸಂಸ್ಥಾನಗಳ ಆಶ್ರಯ ಇಲ್ಲವಾದ ಕಾಲದಲ್ಲಿ ಕಲಾವಿದರಿಗೆ ಶ್ರೇಣಿ, ಗೌರವಧನ ಮತ್ತು ಕೇಳುಗರ ಸಮೂಹ ಮೂರನ್ನೂ ಒದಗಿಸಿದ ಸಂಸ್ಥೆ ಇದು. ತಟ್ಟೆಯಂತೆ ಇಲ್ಲಿ ಮೂರು ನಿಮಿಷದ ಕಟ್ಟು ಇರಲಿಲ್ಲ. ಕಾರ್ಯಕ್ರಮದ ಮೊದಲಿಗೆ ಹಾಗೂ ಕೊನೆಗೆ ಉದ್ಘೋಷಕರು ಗಾಯಕರ ಹೆಸರು, ರಾಗ, ಸಾಥಿದಾರರ ಹೆಸರು ಹೇಳುವ ಶಿಸ್ತು ಇತ್ತು.

ಮುಂದೆ ಬಂದದ್ದು ಧ್ವನಿಸುರುಳಿ. ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಸಂಯೋಜಿಸಿದ ‘ನಿತ್ಯೋತ್ಸವ’ 1978ರಲ್ಲಿ ಬಿಡುಗಡೆಯಾಗಿ, ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ ಎಂಬ ಹೆಸರು ಪಡೆಯಿತು. 1980ರ ದಶಕದಲ್ಲಿ ಟೇಪ್ ರೆಕಾರ್ಡರ್ ಅಗ್ಗವಾದಂತೆ ಸಣ್ಣ ಊರುಗಳಲ್ಲೂ ಕ್ಯಾಸೆಟ್ ಅಂಗಡಿಗಳು ತಲೆಯೆತ್ತಿದವು. ಶಿಶುನಾಳ ಶರೀಫರ ತತ್ತ್ವಪದಗಳು ಸಿ. ಅಶ್ವಥ್ ಅವರ ಕಂಠದಲ್ಲಿ ಮನೆಮನೆ ಸೇರಿದವು. ಭಜನಾಪದ, ಗೀಗೀಪದ, ಡೊಳ್ಳಿನ ಪದಗಳಿಗೂ ಧ್ವನಿಸುರುಳಿ ಮಾರುಕಟ್ಟೆ ಕೊಟ್ಟಿತು.

ಆದರೆ ನಕಲು ಮಾಡುವುದೂ ಸುಲಭವಾಯಿತು. ಎರಡು ಟೇಪಿನ ಯಂತ್ರವಿದ್ದರೆ ಯಾರು ಬೇಕಾದರೂ ಪ್ರತಿ ತೆಗೆಯಬಹುದಾಗಿತ್ತು. ಆದರೂ ಒಂದು ಮಿತಿಯಿತ್ತು. ಪ್ರತಿಯ ಪ್ರತಿ ತೆಗೆದಂತೆಲ್ಲ ಧ್ವನಿ ಕೆಡುತ್ತಿತ್ತು, ಪ್ರತಿಯೊಂದಕ್ಕೂ ಹೊಸ ಟೇಪು ಕೊಳ್ಳಬೇಕಿತ್ತು.

ಮಿತಿ ಅಳಿಸಿದ ಎಂಪಿ3

ಡಿಜಿಟಲ್ ತಂತ್ರಜ್ಞಾನ ಈ ಮಿತಿಯನ್ನೂ ಅಳಿಸಿಹಾಕಿತು. ಇಲ್ಲಿ ಧ್ವನಿ ಅಂಕಿಗಳಾಗಿ ದಾಖಲಾಗುವುದರಿಂದ ನೂರನೆಯ ಪ್ರತಿಯೂ ಮೊದಲನೆಯದರಂತೆಯೇ ಇರುತ್ತದೆ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯಲ್ಲಿ ಒಂದು ನಿಮಿಷದ ಸಂಗೀತಕ್ಕೆ ಸುಮಾರು 10 ಮೆಗಾಬೈಟ್ ಜಾಗ ಬೇಕು. 1990ರ ದಶಕದಲ್ಲಿ ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ತಂತ್ರಜ್ಞರ ಮುಂದಾಳತ್ವದಲ್ಲಿ ಬಳಕೆಗೆ ಬಂದ ಎಂಪಿ3 ವಿಧಾನ, ಕಿವಿಗೆ ಅಷ್ಟಾಗಿ ಗೊತ್ತಾಗದ ಅಂಶಗಳನ್ನು ತೆಗೆದುಹಾಕಿ ಅದನ್ನು ಸುಮಾರು 1 ಮೆಗಾಬೈಟ್‌ಗೆ ಇಳಿಸಿತು. ಹತ್ತು-ಹನ್ನೆರಡು ಹಾಡು ಹಿಡಿಯುತ್ತಿದ್ದ ತಟ್ಟೆಯಲ್ಲಿ ನೂರಕ್ಕೂ ಹೆಚ್ಚು ಹಾಡು ಹಿಡಿಯತೊಡಗಿದವು.

ಅಮೆರಿಕದಲ್ಲಿ 1999ರಲ್ಲಿ ಆರಂಭವಾದ ನ್ಯಾಪ್‌ಸ್ಟರ್, ಅಪರಿಚಿತರು ಅಂತರಜಾಲದ ಮೂಲಕ ಹಾಡು ಹಂಚಿಕೊಳ್ಳುವ ದಾರಿ ತೆರೆಯಿತು. ನ್ಯಾಯಾಲಯದ ಆದೇಶದಿಂದ 2001ರಲ್ಲಿ ಅದು ನಿಂತರೂ ಅಭ್ಯಾಸ ನಿಲ್ಲಲಿಲ್ಲ. 2003ರಲ್ಲಿ ಆಪಲ್ ಕಂಪನಿ ಐಟ್ಯೂನ್ಸ್ ಮಳಿಗೆ ತೆರೆದು ಬಿಡಿ ಹಾಡನ್ನು 99 ಸೆಂಟ್‌ಗೆ ಮಾರತೊಡಗಿತು.

ನಮ್ಮ ಕಡೆ ಇದರ ರೂಪ ಬೇರೆಯಾಗಿತ್ತು. ಮೊಬೈಲ್ ಅಂಗಡಿಯ ಗಣಕಯಂತ್ರದಲ್ಲಿ ಸಾವಿರಾರು ಹಾಡುಗಳಿರುತ್ತಿದ್ದವು. ಸ್ವಲ್ಪ ಹಣ ಕೊಟ್ಟರೆ ಮೆಮರಿ ಕಾರ್ಡ್‌ಗೆ ಹಾಡು ತುಂಬಿಸಿಕೊಡುತ್ತಿದ್ದರು. ಚಿತ್ರಗೀತೆ, ತತ್ತ್ವಪದ, ನಾಟಕದ ಹಾಡು, ಅಭಂಗ ಎಲ್ಲವೂ ಒಂದೇ ಕಾರ್ಡಿನಲ್ಲಿ ಸೇರುತ್ತಿದ್ದವು. ಕಡತಕ್ಕೆ ‘ಟ್ರ್ಯಾಕ್ 05’ ಎಂದೋ, ಹಾಡಿನ ಮೊದಲ ಎರಡು ಶಬ್ದವೆಂದೋ ಹೆಸರು. ಹಾಡಿದವರು, ಬರೆದವರು, ನುಡಿಸಿದವರು ಯಾರೆಂಬುದು ಅಲ್ಲಿ ಕಾಣೆಯಾಯಿತು. ಹಣ ಅಂಗಡಿಯಲ್ಲೇ ಉಳಿಯಿತು. ಕ್ಯಾಸೆಟ್ ಹಾಗೂ ಸಿ.ಡಿ. ವ್ಯಾಪಾರ ಈ ಹೊಡೆತದಿಂದ ಚೇತರಿಸಿಕೊಳ್ಳಲಿಲ್ಲ.

ಕೇಳುಗರು ಹೆಚ್ಚಿದರು, ಹಣ ಹಂಚಿಹೋಯಿತು

2005ರಲ್ಲಿ ಆರಂಭವಾದ ಯೂಟ್ಯೂಬ್, 2007ರ ಸಾವನ್, 2010ರ ಗಾನಾ ಮುಂತಾದ ಸೇವೆಗಳು ಹಾಡನ್ನು ಇಳಿಸಿಕೊಳ್ಳುವ ಅಗತ್ಯವನ್ನೇ ಇಲ್ಲವಾಗಿಸಿದವು. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದ ಮೇಲೆ ಅಂತರಜಾಲದ ದರ ಕುಸಿದು, ಹಳ್ಳಿಯ ಕೇಳುಗರೂ ಈ ಮಾರುಕಟ್ಟೆಗೆ ಬಂದರು. 2019ರಲ್ಲಿ ಸ್ಪಾಟಿಫೈ ಭಾರತಕ್ಕೆ ಕಾಲಿಟ್ಟಿತು.

ಇಂಥ ಸೇವೆಗಳಲ್ಲಿ ಹಣ ಹಂಚಿಕೆಯಾಗುವ ಕ್ರಮ ತಿಳಿದುಕೊಳ್ಳಬೇಕಾದದ್ದು. ಒಂದು ಹಾಡಿಗೆ ಇಷ್ಟು ಎಂಬ ನಿಗದಿತ ದರ ಇರುವುದಿಲ್ಲ. ಚಂದಾ ಮತ್ತು ಜಾಹೀರಾತಿನಿಂದ ಬಂದ ಮೊತ್ತದಲ್ಲಿ ಸೇವೆಯ ಪಾಲು ತೆಗೆದು, ಉಳಿದದ್ದನ್ನು ಒಟ್ಟು ಆಲಿಕೆಗಳಲ್ಲಿ ಪ್ರತಿ ಹಾಡಿನ ಪಾಲು ಎಷ್ಟೋ ಅದರಂತೆ ಹಕ್ಕುದಾರರಿಗೆ ಹಂಚಲಾಗುತ್ತದೆ. ಹಕ್ಕುದಾರ ಎಂದರೆ ಬಹುತೇಕ ಕಂಪನಿ. ಕಲಾವಿದರಿಗೆ ಬರುವುದು ಒಪ್ಪಂದದಲ್ಲಿ ಬರೆದಷ್ಟು ಮಾತ್ರ.

ಸ್ಪಾಟಿಫೈ ಲೆಕ್ಕದಲ್ಲಿ 30 ಸೆಕೆಂಡು ಕೇಳಿದರೆ ಒಂದು ಆಲಿಕೆ. 40 ನಿಮಿಷದ ವಿಲಂಬಿತ ಖಯಾಲಿಗೂ ಮೂರು ನಿಮಿಷದ ಚಿತ್ರಗೀತೆಗೂ ಅಲ್ಲಿ ಒಂದೇ ಎಣಿಕೆ. 2024ರಿಂದ ಹನ್ನೆರಡು ತಿಂಗಳಲ್ಲಿ ಕನಿಷ್ಠ 1,000 ಆಲಿಕೆ ಇಲ್ಲದ ಹಾಡಿಗೆ ಆ ಸೇವೆ ಧ್ವನಿಮುದ್ರಣದ ಗೌರವಧನ ಕೊಡುವುದಿಲ್ಲ. ಕಡಿಮೆ ಕೇಳುಗರಿರುವ ಅಪರೂಪದ ರಾಗಗಳಿಗೆ ಈ ಪದ್ಧತಿ ಅನುಕೂಲಕರವಲ್ಲ.

ಯೂಟ್ಯೂಬ್ ನಿಯಮ ಬೇರೆ. ಜಾಹೀರಾತಿನ ಪಾಲು ಪಡೆಯಲು ವಾಹಿನಿಗೆ 1,000 ಚಂದಾದಾರರಿರಬೇಕು. ಜೊತೆಗೆ ಹನ್ನೆರಡು ತಿಂಗಳಲ್ಲಿ 4,000 ಗಂಟೆಗಳ ವೀಕ್ಷಣೆ, ಇಲ್ಲವೇ 90 ದಿನಗಳಲ್ಲಿ ಕಿರುದೃಶ್ಯಗಳಿಗೆ 1 ಕೋಟಿ ವೀಕ್ಷಣೆ ಆಗಿರಬೇಕು. ಅರ್ಹತೆ ಪಡೆದ ಮೇಲೆ ದೀರ್ಘ ದೃಶ್ಯಗಳ ಜಾಹೀರಾತು ವರಮಾನದಲ್ಲಿ ಶೇ 55ರಷ್ಟು ವಾಹಿನಿಯವರಿಗೆ ಸಲ್ಲುತ್ತದೆ. ಎಂಟು ನಿಮಿಷ ಮೀರಿದ ದೃಶ್ಯದ ನಡುವೆಯೂ ಜಾಹೀರಾತು ಬರಬಹುದಾದ್ದರಿಂದ ದೀರ್ಘ ಗಾಯನಕ್ಕೆ ಇಲ್ಲಿ ತುಸು ಅವಕಾಶವಿದೆ. ಆದರೆ ಆಲಾಪದ ನಡುವೆ ಸಾಬೂನಿನ ಜಾಹೀರಾತು ಬರುವುದನ್ನು ರಸಿಕರು ಸಹಿಸಿಕೊಳ್ಳಬೇಕಾಗುತ್ತದೆ.

ಜಾನಪದದ ಹೊಸ ಅಲೆ

ಈ ಬದಲಾವಣೆಯಿಂದ ಹೆಚ್ಚು ಲಾಭ ಪಡೆದವರು ಉತ್ತರ ಕರ್ನಾಟಕದ ಯುವ ಜಾನಪದ ಗಾಯಕರು. ಮೊದಲು ಹಾಡು ಹೊರಬರಬೇಕಾದರೆ ಬೆಂಗಳೂರಿನ ಕಂಪನಿಯ ಬಾಗಿಲು ತಟ್ಟಬೇಕಿತ್ತು. ಈಗ ಸಣ್ಣ ಪಟ್ಟಣದ ಸ್ಟುಡಿಯೋದಲ್ಲಿ ಹಾಡಿ, ಹೊಲದ ಬದುವಿನಲ್ಲಿ ಚಿತ್ರೀಕರಿಸಿ, ಸಂಜೆಯೊಳಗೆ ಯೂಟ್ಯೂಬ್‌ಗೆ ಏರಿಸಬಹುದಾಗಿದೆ. ಟ್ರ್ಯಾಕ್ಟರ್, ಲಾರಿ, ಜಾತ್ರೆ, ಮದುವೆ ಮೆರವಣಿಗೆಗಳಲ್ಲಿ ಮೊಳಗುವ ಈ ಹಾಡುಗಳ ಭಾಷೆ ಅಚ್ಚ ಈ ಸೀಮೆಯದು.

ಪರಸು ಕೋಲೂರ, ಮಾಳು ನಿಪನಾಳ, ಬಾಳು ಬೆಳಗುಂದಿ ಮೊದಲಾದವರ ಹೆಸರು ಮನೆಮಾತಾದದ್ದು ಹೀಗೆಯೇ. ಟಿ.ವಿ.ಗಿಂತ ಮೊದಲು ಅಂತರಜಾಲದಲ್ಲಿ ಹೆಸರು ಮಾಡಿ, ಆ ಬಳಿಕ ಬಾಳು ಬೆಳಗುಂದಿ ‘ಸರಿಗಮಪ’ ವೇದಿಕೆಗೂ, ಮಾಳು ನಿಪನಾಳ 2025ರಲ್ಲಿ ‘ಬಿಗ್ ಬಾಸ್’ ಮನೆಗೂ ಹೋದರು. ಜಾತ್ರೆ-ಉತ್ಸವಗಳ ವೇದಿಕೆ ಕಾರ್ಯಕ್ರಮಗಳಿಗೆ ಕರೆ ಬರುವುದು ಇಂಥ ಜನಪ್ರಿಯತೆಯಿಂದಲೇ. ಹಾಡು ಪುಕ್ಕಟೆಯಾಗಿ ಹರಡುತ್ತದೆ, ವೇದಿಕೆ ಹಣ ತರುತ್ತದೆ ಎಂಬುದು ಈ ಉದ್ಯಮದ ಹೊಸ ಸೂತ್ರವಾಗಿದೆ.

ಆದರೆ ಚೌಡಕಿ ಪದ, ಹಂತಿ ಪದ ಹಾಡುವ ಹಿರಿಯರಿಗೆ ಈ ಸೂತ್ರ ತಿಳಿದಿಲ್ಲ. ಅವರ ಹಾಡನ್ನು ಮೊಬೈಲ್‌ನಲ್ಲಿ ಹಿಡಿದು ತನ್ನ ವಾಹಿನಿಗೆ ಏರಿಸಿದವನಿಗೇ ವರಮಾನ ಬರುತ್ತದೆ. ‘ಮೂಲ: ಸಾಂಪ್ರದಾಯಿಕ’ ಎಂಬ ಒಂದು ಸಾಲು ಹಾಡಿದವರ ಗುರುತನ್ನು ಅಳಿಸಿಬಿಡುತ್ತದೆ.

ಶಾಸ್ತ್ರೀಯ ಸಂಗೀತಕ್ಕೆ ಆದದ್ದೇನು?

ಖಯಾಲ್ ಗಾಯನಕ್ಕೆ ಡಿಜಿಟಲ್ ಯುಗ ಸಮಯವನ್ನು ಮರಳಿ ಕೊಟ್ಟಿದೆ. ತಟ್ಟೆಯ ಮೂರು ನಿಮಿಷದ ಕಟ್ಟು ಹೋಗಿ ಇಡೀ ಕಛೇರಿಯನ್ನೇ ಕೇಳುವಂತಾಗಿದೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪುಟ್ಟರಾಜ ಗವಾಯಿಗಳ ಬಳಿ ಕಲಿತು ಧಾರವಾಡದಲ್ಲಿ ನೆಲೆಸಿದ ಪಂ. ಎಂ. ವೆಂಕಟೇಶ್ ಕುಮಾರ್ ಅವರ ಕಛೇರಿಗಳು, ವಚನ ಮತ್ತು ದಾಸರ ಪದಗಳು ಇಂದು ಎಲ್ಲಿಂದ ಬೇಕಾದರೂ ಕೇಳಸಿಗುತ್ತವೆ. 2016ರ ಜನವರಿ 26ರಂದು ಬೆಂಗಳೂರಿನಿಂದ ಆರಂಭವಾದ ಆಕಾಶವಾಣಿಯ ‘ರಾಗಂ’ ವಾಹಿನಿ ಶಾಸ್ತ್ರೀಯ ಸಂಗೀತಕ್ಕೇ ಮೀಸಲಾದದ್ದು.

ಕಲಿಕೆಯ ಕ್ರಮವೂ ಬದಲಾಗಿದೆ. ಹಿಂದೆ ಗುರು ಹೇಳಿದ ಚೀಜನ್ನು ಮತ್ತೆ ಕೇಳಲು ಮರುದಿನದವರೆಗೆ ಕಾಯಬೇಕಿತ್ತು. ಈಗ ಶಿಷ್ಯರು ಮುದ್ರಿಸಿಕೊಂಡು ನೂರು ಸಲ ಕೇಳುತ್ತಾರೆ. ತಂಬೂರಿ, ತಬಲಾ ಠೇಕಾ ಮೊಬೈಲ್‌ನಲ್ಲೇ ಸಿಗುತ್ತವೆ. 2020ರ ಕೋವಿಡ್ ನಿರ್ಬಂಧದ ದಿನಗಳಲ್ಲಿ ಕಛೇರಿಗಳು ನಿಂತಾಗ ಅನೇಕ ಗುರುಗಳು ಅಂತರಜಾಲದಲ್ಲೇ ಪಾಠ ಆರಂಭಿಸಿದರು. ದೂರದೇಶದ ಶಿಷ್ಯರಿಗೆ ಕಲಿಸುವ ಪರಿಪಾಠ ಆ ಬಳಿಕವೂ ಮುಂದುವರಿದಿದೆ. ಆದರೂ ಧ್ವನಿ ತಲುಪುವಲ್ಲಿ ಆಗುವ ಅಲ್ಪ ವಿಳಂಬದಿಂದ ಗುರು-ಶಿಷ್ಯರು ಒಂದೇ ಲಯದಲ್ಲಿ ಕೂಡಿ ಹಾಡುವುದು ಅಲ್ಲಿ ಕಷ್ಟ.

ಒಂದು ಹಾಡು, ನಾಲ್ಕು ಹಕ್ಕು

ಹಾಡೊಂದಕ್ಕೆ ಒಬ್ಬನೇ ಒಡೆಯ ಎಂಬುದು ಸಾಮಾನ್ಯ ತಿಳಿವಳಿಕೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಾಹಿತ್ಯ, ಸಂಗೀತ ಸಂಯೋಜನೆ, ಧ್ವನಿಮುದ್ರಣ ಮತ್ತು ಗಾಯನ ಇವು ಬೇರೆಬೇರೆ ಹಕ್ಕುಗಳು.

ಶಿಶುನಾಳ ಶರೀಫರ ಉದಾಹರಣೆಯನ್ನೇ ನೋಡಬಹುದು. 1889ರಲ್ಲಿ ಅಗಲಿದ ಶರೀಫರ ಪದಗಳಿಗೆ ಇಂದು ಕೃತಿಸ್ವಾಮ್ಯ ಇಲ್ಲ. ಯಾರು ಬೇಕಾದರೂ ಹಾಡಬಹುದು. ಆದರೆ 2009ರಲ್ಲಿ ನಿಧನರಾದ ಸಿ. ಅಶ್ವಥ್ ಸಂಯೋಜಿಸಿದ ಧಾಟಿಗೆ ಹಕ್ಕಿದೆ. ಅದನ್ನು ಮುದ್ರಿಸಿದ ಕಂಪನಿಗೆ ಆ ಧ್ವನಿಮುದ್ರಣದ ಮೇಲೆ ಪ್ರತ್ಯೇಕ ಹಕ್ಕಿದೆ. ಧಾರವಾಡದ ಸಾಧನಕೇರಿಯ ದ.ರಾ. ಬೇಂದ್ರೆಯವರು 1981ರಲ್ಲಿ ತೀರಿಕೊಂಡರು. ಕವಿಯ ನಿಧನದ ನಂತರ 60 ವರ್ಷ ಎಂಬ ನಿಯಮದಂತೆ ಅವರ ಕವಿತೆಗಳ ಹಕ್ಕು 2041ರ ಕೊನೆಯವರೆಗೆ ಇರುತ್ತದೆ.

ಧ್ವನಿಮುದ್ರಣದ ಹಕ್ಕು ಅದು ಪ್ರಕಟವಾದ ವರ್ಷದ ನಂತರ 60 ವರ್ಷ. ಆದ್ದರಿಂದ 1930ರ ದಶಕದ ತಟ್ಟೆಗಳ ಮೇಲಿನ ಹಕ್ಕು ಎಂದೋ ಮುಗಿದಿದೆ. ಅವುಗಳನ್ನು ಯಾರು ಅಂತರಜಾಲಕ್ಕೆ ಏರಿಸಿದರೂ ಕಂಪನಿ ತಡೆಯಲಾರದು.

2012ರಲ್ಲಿ ಆದ ತಿದ್ದುಪಡಿ ಕಲಾವಿದರ ಪಾಲಿಗೆ ಮಹತ್ವದ್ದು. ಚಲನಚಿತ್ರ ಮತ್ತು ಧ್ವನಿಮುದ್ರಿಕೆಗಳಲ್ಲಿ ಬಳಕೆಯಾದ ಕೃತಿಗಳ ಸಾಹಿತಿ, ಸಂಯೋಜಕರ ಗೌರವಧನದ ಹಕ್ಕನ್ನು ಕಂಪನಿಗಳು ಬರೆಸಿಕೊಳ್ಳುವಂತಿಲ್ಲ ಎಂದು ಅದು ಹೇಳಿತು. ವಾಣಿಜ್ಯ ಬಳಕೆಯಲ್ಲಿ ಗಾಯಕ-ವಾದಕರಿಗೂ ಗೌರವಧನದ ಹಕ್ಕು ದೊರೆಯಿತು. ತಾನೇ ಹಾಡಿದ್ದು ಎಂದು ಗುರುತಿಸಿಕೊಳ್ಳುವ ನೈತಿಕ ಹಕ್ಕನ್ನೂ ಕಾಯ್ದೆ ಗಾಯಕರಿಗೆ ಕೊಟ್ಟಿತು. ಕಲಾವಿದರ ಒಪ್ಪಿಗೆ ಇಲ್ಲದೆ ಕಛೇರಿಯನ್ನು ಮುದ್ರಿಸಿ ವಾಣಿಜ್ಯ ಉದ್ದೇಶಕ್ಕೆ ಬಳಸುವುದು ಈ ಹಕ್ಕಿನ ಉಲ್ಲಂಘನೆ.

ಯಂತ್ರವೇ ಹಾಡಿದರೆ?

ಈಚಿನ ಸವಾಲು ಕೃತಕ ಬುದ್ಧಿಮತ್ತೆಯದು. ಗಾಯಕರ ಧ್ವನಿಮುದ್ರಿಕೆಗಳನ್ನು ಯಂತ್ರಕ್ಕೆ ಉಣಿಸಿ, ಅದೇ ಕಂಠದಲ್ಲಿ ಅವರು ಎಂದೂ ಹಾಡದ ಹಾಡನ್ನು ಹಾಡಿಸುವುದು ಸಾಧ್ಯವಾಗಿದೆ. 2024ರ ಆರಂಭದಲ್ಲಿ ಎ.ಆರ್. ರೆಹಮಾನ್ ‘ಲಾಲ್ ಸಲಾಂ’ ತಮಿಳು ಚಿತ್ರಕ್ಕಾಗಿ ದಿವಂಗತ ಗಾಯಕರಿಬ್ಬರ ಧ್ವನಿಯನ್ನು ಹೀಗೆ ಬಳಸಿಕೊಂಡರು. ಕುಟುಂಬದವರ ಅನುಮತಿ ಪಡೆದು ಸಂಭಾವನೆ ಕೊಟ್ಟಿದ್ದಾಗಿಯೂ ತಿಳಿಸಿದರು. ಅದೇ ವರ್ಷ ಜುಲೈನಲ್ಲಿ ಬಾಂಬೆ ಹೈಕೋರ್ಟ್, ಗಾಯಕ ಅರಿಜಿತ್ ಸಿಂಗ್ ಅವರ ಕಂಠವನ್ನು ಅನುಮತಿಯಿಲ್ಲದೆ ಅನುಕರಿಸುವ ತಂತ್ರಾಂಶಗಳ ವಿರುದ್ಧ ಮಧ್ಯಂತರ ರಕ್ಷಣೆ ನೀಡಿತು.

ಅಗಲಿದ ದಿಗ್ಗಜರ ಧ್ವನಿ ಹೇರಳವಾಗಿ ಲಭ್ಯವಿರುವ ಧಾರವಾಡದಂಥ ಪರಂಪರೆಗೆ ಇದು ದೂರದ ಮಾತಲ್ಲ. ಯಾವುದು ಮನಸೂರರು ಹಾಡಿದ್ದು, ಯಾವುದು ಯಂತ್ರ ಹಾಡಿದ್ದು ಎಂದು ಮುಂದಿನ ಪೀಳಿಗೆ ತಿಳಿಯಬೇಕಾದರೆ ಅಸಲಿ ಮುದ್ರಣಗಳ ದಾಖಲೆ ಖಚಿತವಾಗಿರಲೇಬೇಕು.

ಕಲಾವಿದರು ಗಮನಿಸಬೇಕಾದದ್ದು

ಹಾಡನ್ನು ಬಿಡುಗಡೆ ಮಾಡುವ ಮೊದಲು ಕೆಲವು ಎಚ್ಚರಿಕೆಗಳು ಅಗತ್ಯ.

- ಕಡತದೊಂದಿಗೆ ಗಾಯಕರು, ಸಾಹಿತಿ, ಸಂಯೋಜಕರು, ಸಾಥಿದಾರರು, ರಾಗ, ತಾಳ, ಸ್ಥಳ, ದಿನಾಂಕ ಬರೆಯಬೇಕು. ಹೆಸರಿನ ಕಾಗುಣಿತ ಎಲ್ಲ ಕಡೆ ಒಂದೇ ಇರಬೇಕು. ಒಂದೆಡೆ ಊರಿನ ಹೆಸರು ಸೇರಿಸಿ ಇನ್ನೊಂದೆಡೆ ಬಿಟ್ಟರೆ ಯಂತ್ರಕ್ಕೆ ಅವರು ಇಬ್ಬರು ವ್ಯಕ್ತಿಗಳು.

- ಪ್ರತಿ ಧ್ವನಿಮುದ್ರಣಕ್ಕೆ ಐಎಸ್‌ಆರ್‌ಸಿ ಎಂಬ 12 ಅಕ್ಷರ-ಅಂಕಿಗಳ ಅಂತರರಾಷ್ಟ್ರೀಯ ಗುರುತು ಸಂಖ್ಯೆ ಪಡೆಯಬೇಕು. ಆಲಿಕೆಗಳ ಲೆಕ್ಕ ಇದರ ಆಧಾರದಿಂದ ನಡೆಯುತ್ತದೆ.

- ಒಪ್ಪಂದ ಬರಹದಲ್ಲಿರಬೇಕು. ಎಷ್ಟು ವರ್ಷ, ಯಾವ ಯಾವ ಮಾಧ್ಯಮ, ಶೇಕಡಾ ಎಷ್ಟು ಎಂಬುದು ಸ್ಪಷ್ಟವಾಗಿರಬೇಕು. ‘ಮುಂದೆ ಬರುವ ಎಲ್ಲ ಮಾಧ್ಯಮಗಳು’ ಎಂಬ ಮಾತಿಗೆ ಸಹಿ ಹಾಕುವ ಮೊದಲು ಯೋಚಿಸಬೇಕು.

- ಸಾಹಿತಿ ಮತ್ತು ಸಂಯೋಜಕರಿಗೆ 1969ರಲ್ಲಿ ಸ್ಥಾಪನೆಯಾದ ಐಪಿಆರ್‌ಎಸ್ ಸಂಸ್ಥೆಯ ಸದಸ್ಯತ್ವ ಸಿಗುತ್ತದೆ. ಗಾಯಕರ ಹಕ್ಕುಗಳಿಗಾಗಿ ‘ಇಸ್ರಾ’ ಹೆಸರಿನಲ್ಲಿ ಆರಂಭವಾದ ಸಂಘ ಈಗ ವಾದಕರನ್ನೂ ಸೇರಿಸಿಕೊಂಡು ‘ಇಸಾಮ್ರಾ’ ಆಗಿದೆ.

- ಮನೆಯಲ್ಲಿರುವ ಹಳೆಯ ಸ್ಪೂಲ್ ಮತ್ತು ಧ್ವನಿಸುರುಳಿಗಳನ್ನು ತಡಮಾಡದೆ ಡಿಜಿಟಲ್ ರೂಪಕ್ಕೆ ತರಬೇಕು. ಟೇಪು ಅಂಟಿಕೊಳ್ಳುತ್ತದೆ, ಬೂಷ್ಟು ಹಿಡಿಯುತ್ತದೆ. ಅದನ್ನು ನುಡಿಸುವ ಯಂತ್ರವೂ, ದುರಸ್ತಿ ಮಾಡುವವರೂ ಅಪರೂಪವಾಗುತ್ತಿದ್ದಾರೆ. ಎಂಪಿ3 ಬದಲು ಪೂರ್ಣ ಗುಣಮಟ್ಟದ ವೇವ್ ಕಡತದಲ್ಲಿ ಉಳಿಸಿ, ಪ್ರತಿಗಳನ್ನು ಬೇರೆಬೇರೆ ಕಡೆ ಇಡುವುದು ಒಳಿತು.

ಕೇಳುಗರ ಪಾಲೂ ಇಲ್ಲಿದೆ. ಅಪ್ಪ-ಅಜ್ಜಂದಿರ ಸಂಗ್ರಹದ ಟೇಪನ್ನು ಅಂತರಜಾಲಕ್ಕೆ ಏರಿಸುವ ರಸಿಕರು ಉಪಕಾರವನ್ನೇ ಮಾಡುತ್ತಿದ್ದಾರೆ. ಆದರೆ ಕಲಾವಿದರ ಅಥವಾ ಅವರ ಮನೆಯವರ ಒಪ್ಪಿಗೆ ಪಡೆದು, ಯಾರ ಗಾಯನ, ಯಾರ ತಬಲಾ, ಯಾವ ಊರಿನ ಕಛೇರಿ ಎಂದು ಬರೆದರೆ ಮಾತ್ರ ಅದು ಪೂರ್ಣ. ಕವರಿನ ಮೇಲಿನ ಅಜ್ಜನ ಕೈಬರಹವನ್ನು ಓದಿ ಹೇಳಬಲ್ಲವರು ಮನೆಯಲ್ಲಿ ಇರುವಾಗಲೇ ಆ ಕೆಲಸ ಆಗಬೇಕು.

ನೂರು ವರ್ಷಗಳ ಹಿಂದೆ ಹ್ಯಾನೋವರ್‌ನ ಕೆಲಸಗಾರನಿಗಾಗಿ ಗಾಯಕಿಯರು ತಟ್ಟೆಯ ಕೊನೆಗೆ ತಮ್ಮ ಹೆಸರು ಹೇಳಿದರು. ಆ ಒಂದು ಸಾಲಿನಿಂದಾಗಿ ಇಂದಿಗೂ ಅವರ ಹಾಡು ಅವರದಾಗಿಯೇ ಉಳಿದಿದೆ. ಇಂದಿನ ಹಾಡಿಗೂ ಅಂಥದೊಂದು ಸಾಲು ಬೇಕು.